ಮನೆಗೆ ಎರಡನೆಯ ಕಾರು

ಈ ಪುಟದ ವಾಚಕರೊಬ್ಬರು ಬೆಂಗಳೂರು ಜಯನಗರದಿಂದ ನಮಗೆ ಪತ್ರ ಬರೆದಿದ್ದಾರೆ. ಬರೆದವರು ವಿಶ್ರಾಂತಿವೇತನದ ಮೇಲಿರುವ ಗೃಹಸ್ಥರು. ಮನೆಯಲ್ಲಿ ಅವರೂ ಅವರ ಧರ್ಮಪತ್ನಿಯೂ, ಮಗನೂ ಸೊಸೆಯೂ, ಒಂಬತ್ತು ವರ್ಷದ ಮೊಮ್ಮಗನೂ ಸೇರಿ ಐವರು. ಒಂದು ಕಾರು ಈಗಾಗಲೇ ಇದೆ. ಅದನ್ನು ಮಗನು ದಿನವೂ ಎಲೆಕ್ಟ್ರಾನಿಕ್ ಸಿಟಿಯಲ್ಲಿರುವ ತನ್ನ ಕಚೇರಿಗೆ ತೆಗೆದುಕೊಂಡು ಹೋಗುತ್ತಾನೆ. ಸೊಸೆ ಮಲ್ಲೇಶ್ವರದ ಕಾಲೇಜೊಂದರಲ್ಲಿ ಅಧ್ಯಾಪಿಕೆ. ಮೊಮ್ಮಗನ ಶಾಲೆ ಮನೆಯಿಂದ ಒಂದು ಕಿಲೋಮೀಟರಿಗೆ ತುಸು ಹೆಚ್ಚು. ಈಗ ಎರಡನೆಯ ಕಾರೊಂದನ್ನು ಕೊಳ್ಳಬೇಕೆಂಬ ಮಾತು ಮನೆಯಲ್ಲಿ ಎದ್ದಿದೆ. ಹಣ ಕೊಡಲು ಬ್ಯಾಂಕು ಸಿದ್ಧವಾಗಿದೆ. ನಿಲ್ಲಿಸಲು ಸ್ಥಳ ಮಾತ್ರ ಇಲ್ಲ. ಅಂಗಳದಲ್ಲಿರುವ ಸಂಪಿಗೆಯ ಮರವನ್ನು ತೆಗೆಸಿದರೆ ಸ್ಥಳವಾದೀತು. ಆ ಮರವನ್ನು ನೆಟ್ಟವರು ಪತ್ರ ಬರೆದವರ ತಾಯಿ. "ನನಗಿರುವುದು ಮರದ ಮೇಲಿನ ಬರಿಯ ಮಮಕಾರವೋ, ಅಥವಾ ನನ್ನ ಪಕ್ಷದಲ್ಲಿ ಯುಕ್ತಿಯೂ ಏನಾದರೂ ಉಂಟೋ, ದಯವಿಟ್ಟು ತಿಳಿಸಬೇಕು" ಎಂದು ಕೇಳಿದ್ದಾರೆ.

ಕಾನೂನಿನ ಮಾತನ್ನು ಮೊದಲು ಹೇಳಿಬಿಡುವೆವು. ತನ್ನ ಅಂಗಳದಲ್ಲಿರುವುದಾದರೂ ಮರವನ್ನು ಯಜಮಾನನು ಮನಸ್ಸಿಗೆ ಬಂದಾಗ ಕಡಿಸುವ ಹಾಗಿಲ್ಲ. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದ ಮೇರೆಗೆ ಸಾಮಾನ್ಯವಾಗಿ ವೃಕ್ಷಾಧಿಕಾರಿಯ ಅನುಮತಿಯನ್ನು ಪಡೆಯಬೇಕಾಗುವುದು. ಆದರೆ ಪತ್ರದ ಪ್ರಶ್ನೆ ಅಷ್ಟಕ್ಕೆ ಮುಗಿಯುವಂಥದಲ್ಲ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳ ಸಂಖ್ಯೆ ಒಂದು ಕೋಟಿಯನ್ನು ದಾಟಿ ಕೆಲವು ವರ್ಷಗಳಾದುವು. ಅವುಗಳಲ್ಲಿ ಬಹುಭಾಗ ದ್ವಿಚಕ್ರವಾಹನಗಳೆಂಬುದು ನಿಜ. ಆದರೂ ಎರಡನೆಯ ಕಾರಿನ ಮಾತು ನಡೆಯದಿರುವ ಅನುಕೂಲಸ್ಥರ ಮನೆ ಈಗ ವಿರಳ. ಆದಕಾರಣ ಒಬ್ಬರಿಗೆ ಬರೆಯಬೇಕಾದ ಉತ್ತರವನ್ನು ಎಲ್ಲರೂ ಓದುವಂತೆ ಇಲ್ಲಿಯೇ ಬರೆಯುತ್ತಿದ್ದೇವೆ.

ಸಂಸ್ಕೃತವನ್ನು ಕಲಿತವರಿಗೆ ಒಂದು ಚಪಲ ಉಂಟು, ಯಾವ ಮಾತು ಬಂದರೂ ಅದರ ಬೇರನ್ನು ಕೆದಕದೆ ಬಿಡರು. ವಾಚಕರು ಮನ್ನಿಸಬೇಕು. 'ಪದವಿ' ಎಂಬ ಶಬ್ದವನ್ನು ನಾವೆಲ್ಲರೂ ದಿನವೂ ಬಳಸುವೆವಷ್ಟೆ. ಮಗನಿಗೆ ಪದವಿಯಾಯಿತು, ಅಳಿಯನಿಗೆ ದೊಡ್ಡ ಪದವಿ ದೊರೆಯಿತು ಎನ್ನುವೆವು. ಅಮರಕೋಶದಲ್ಲಿ ನೋಡಿದರೆ ಈ ಶಬ್ದವು ದಾರಿಯ ಪರ್ಯಾಯಗಳ ಸಾಲಿನಲ್ಲಿದೆ. ಪದ ಎಂದರೆ ಹೆಜ್ಜೆ. ಹೆಜ್ಜೆಯಿಟ್ಟು ನಡೆದದ್ದು ಪದವಿ. ಇಂದಾದರೋ ಪದವಿ ಬಂದ ಕೂಡಲೆ ಮೊದಲು ನಿಲ್ಲುವುದು ನಡಿಗೆಯೇ. ಶಾಲೆಯಲ್ಲಿ ನಾವು ಈ ಶಬ್ದಾರ್ಥವನ್ನು ಹೇಳುವಾಗ ಹುಡುಗರು ನಗುತ್ತಿದ್ದರು. ಆ ಹುಡುಗರಲ್ಲಿ ಅನೇಕರು ಈಗ ಕಾರಿನ ಗಾಜನ್ನು ಇಳಿಸಿ ನಮಗೆ ನಮಸ್ಕಾರ ಮಾಡುವರು.

ಇನ್ನು ಪ್ರಕೃತಕ್ಕೆ ಬರುವೆವು. ತಾರ್ಕಿಕರು ಮೊದಲು ಪ್ರತಿಜ್ಞೆಯನ್ನು ಹೇಳಿ ಆಮೇಲೆ ಹೇತುವನ್ನು ಹೇಳುವರು; ನಾವೂ ಹಾಗೆಯೇ ಮಾಡುವೆವು. ನಮ್ಮ ಪ್ರತಿಜ್ಞೆ ಇಷ್ಟು: ಊರೊಳಗಿನ ಓಡಾಟಕ್ಕೆಲ್ಲ ಕಾರನ್ನೇ ನಂಬಿದ ಮನೆಯಲ್ಲಿ ಕಾರನ್ನು ನಡೆಸಬಲ್ಲವರು ಮಾತ್ರ ಸ್ವತಂತ್ರರು, ಮಿಕ್ಕವರೆಲ್ಲರೂ ಪರಾಧೀನರು. ವಾಯುಮಾಲಿನ್ಯ, ಪೆಟ್ರೋಲಿನ ಬೆಲೆ, ರಸ್ತೆಯ ಗದ್ದಲ, ಇವುಗಳ ವಿಷಯವಾಗಿ ಪತ್ರಿಕೆಗಳಲ್ಲಿ ಬೇಕಾದಷ್ಟು ಬಂದಿದೆ. ಅವು ಸತ್ಯವೂ ಹೌದು. ಆದರೆ ಗೃಹಸ್ಥನು ಎಲ್ಲಕ್ಕಿಂತ ಮುಂಚೆ ನೋಡಬೇಕಾದದ್ದು ತನ್ನ ಮನೆಯವರ ಸ್ವಾತಂತ್ರ್ಯವನ್ನು ಎಂದು ನಮಗೆ ತೋರುತ್ತದೆ.

ನಮ್ಮ ಮನೆಯಾಕೆಯ ಉದಾಹರಣೆಯನ್ನೇ ಕೊಡಬಹುದು. ಆಕೆಗೆ ವಾಹನ ನಡೆಸಲು ಬಾರದು. ಮಂಡಿನೋವು ಬಂದ ಮೇಲೆ ತಂಗಿಯ ಮನೆಗೆ ಹೋಗಬೇಕಾದರೂ, ದೇವಸ್ಥಾನಕ್ಕೆ ಹೋಗಬೇಕಾದರೂ, ಮಗನಿಗೆ ಬಿಡುವಾಗುವ ಭಾನುವಾರವನ್ನು ಕಾಯುತ್ತಿದ್ದಳು. ಭಾನುವಾರ ಬಂದರೆ ಮಗನಿಗೆ ಬೇರೆ ಕೆಲಸ. "ಅಮ್ಮ, ಮುಂದಿನ ವಾರ" ಎಂಬ ಉತ್ತರದಲ್ಲಿ ದುರುದ್ದೇಶವೇನೂ ಇಲ್ಲ. ಆದರೆ ಅರುವತ್ತರ ಹತ್ತಿರ ಬಂದ ಹೆಂಗಸು ಎಳೆಯ ಮಗುವಿನಂತೆ ಇನ್ನೊಬ್ಬರ ಅನುಕೂಲವನ್ನು ಕಾಯಬೇಕು. ೨೦೨೩ನೆಯ ಇಸವಿ ಜೂನ್ ೧೧ರಂದು ಸರ್ಕಾರದವರು ಶಕ್ತಿ ಯೋಜನೆಯನ್ನು ಪ್ರಾರಂಭಿಸಿ, ರಾಜ್ಯದ ಹೆಂಗಸರು ಸಾಮಾನ್ಯ ಬಸ್ಸುಗಳಲ್ಲಿ ದುಡ್ಡಿಲ್ಲದೆ ಪ್ರಯಾಣ ಮಾಡಬಹುದೆಂದು ಗೊತ್ತುಮಾಡಿದರು. ಆ ಯೋಜನೆಯ ಖರ್ಚಿನ ವಿಚಾರದಲ್ಲಿ ತಿಳಿದವರು ಏನು ಬೇಕಾದರೂ ವಾದಿಸಲಿ. ನಾವು ಕಂಡದ್ದನ್ನು ಹೇಳುವೆವು. ಮೊದಮೊದಲು ನಮ್ಮನ್ನು ಜೊತೆಗೆ ಕರೆದುಕೊಂಡು, ಆಮೇಲೆ ಎದುರುಮನೆಯಾಕೆಯೊಡನೆ, ಈಗ ಒಬ್ಬಳೇ, ಆಕೆ ಬಸ್ಸು ಹತ್ತಿ ತಂಗಿಯ ಮನೆಗೆ ಹೋಗಿಬರುತ್ತಾಳೆ. ಯಾವ ಸಂಖ್ಯೆಯ ಬಸ್ಸು ಯಾವ ಹೊತ್ತಿಗೆ ಖಾಲಿಯಾಗಿರುವುದೆಂಬುದು ನಮಗಿಂತ ಆಕೆಗೆ ಚೆನ್ನಾಗಿ ಗೊತ್ತು. ಮಗನ ಭಾನುವಾರವೂ ಅವನಿಗೇ ಉಳಿಯಿತು.

ಪತ್ರ ಬರೆದವರ ಮನೆಯಲ್ಲಿ ಎರಡನೆಯ ಕಾರು ಬಂದರೂ ಅದು ಸೊಸೆಯೊಡನೆ ಮಲ್ಲೇಶ್ವರಕ್ಕೆ ಹೊರಟುಹೋಗುವುದಷ್ಟೆ. ಹಗಲೆಲ್ಲ ಮನೆಯಲ್ಲಿ ಉಳಿಯುವ ಮುದುಕ ಮುದುಕಿಯರಿಗೂ ಮಧ್ಯಾಹ್ನ ಶಾಲೆಯಿಂದ ಬರುವ ಹುಡುಗನಿಗೂ ಅದರಿಂದ ಆಗುವ ಪ್ರಯೋಜನವೇನು? ಹಾಗಾದರೆ ಮೂರನೆಯದನ್ನು ಕೊಳ್ಳಬೇಕೆ?

ಈಗ ಆ ಮನೆಯ ಒಂದೊಂದು ಪ್ರಯಾಣವನ್ನೂ ಬೇರೆ ಬೇರೆಯಾಗಿ ನೋಡುವೆವು. ಮೊದಲನೆಯದು ಹುಡುಗನ ಶಾಲೆ. ಒಂದು ಕಿಲೋಮೀಟರಿಗೆ ತುಸು ಹೆಚ್ಚೆಂದರೆ ಮಗುವಿನ ಕಾಲಿಗೆ ಹದಿನೈದು ನಿಮಿಷದ ದಾರಿ. ಅದೇ ದೂರಕ್ಕೆ ಕಾರನ್ನು ಗೇಟಿನಿಂದ ಹೊರಕ್ಕೆ ತೆಗೆದು, ಗೇಟನ್ನು ಮುಚ್ಚಿ, ಸಿಗ್ನಲ್ಲಿನಲ್ಲಿ ನಿಂತು, ಶಾಲೆಯ ಮುಂದಿರುವ ಕಾರುಗಳ ಸಾಲಿನಲ್ಲಿ ಸೇರಿಕೊಂಡು ಮಗುವನ್ನು ಇಳಿಸುವ ಹೊತ್ತಿಗೆ ಎಷ್ಟಾಗುವುದೆಂಬುದನ್ನು ಗಡಿಯಾರ ಹಿಡಿದು ನೋಡಿದವರೇ ಹೇಳಬೇಕು. ನಾವು ನಮ್ಮ ಮೊಮ್ಮಗಳನ್ನು ಎರಡು ವರ್ಷದಿಂದ ನಡೆಸಿಕೊಂಡೇ ಹೋಗುತ್ತಿದ್ದೇವೆ. ಅವಳಿಗೆ ಈಗ ಆ ದಾರಿಯ ಭೂಗೋಳವೆಲ್ಲ ಬಾಯಿಪಾಠವಾಗಿದೆ: ಯಾವ ಮನೆಯ ನಾಯಿ ಬೊಗಳುವುದು, ಯಾವುದು ಬರಿದೆ ನೋಡುವುದು, ಹೊಂಗೆಯ ಹೂವು ಯಾವ ತಿರುವಿನಲ್ಲಿ ನೆಲಕ್ಕೆ ಹಾಸಿರುವುದು, ಚಪ್ಪಲಿ ಹೊಲಿಯುವವರು ಯಾವ ವಾರ ಬಾರರು. ಲೆಕ್ಕದಲ್ಲಿ ಮಗ್ಗಿಯೂ, ವ್ಯಾಕರಣದಲ್ಲಿ ಸಂಧಿಯೂ ಈ ದಾರಿಯಲ್ಲಿಯೇ ಆದುವು. ಕಾರಿನ ಹಿಂದಿನ ಪೀಠದಲ್ಲಿ ಫೋನನ್ನು ನೋಡುತ್ತ ಹೋಗುವ ಮಗುವಿಗೆ ಮನೆಯೂ ಶಾಲೆಯೂ ಗೊತ್ತು, ನಡುವಿನ ಊರು ಗೊತ್ತಿಲ್ಲ. ಹತ್ತು ವರ್ಷದ ಹುಡುಗನನ್ನು ಮನೆಯಿಂದ ನಾಲ್ಕು ಬೀದಿಯಾಚೆ ಬಿಟ್ಟರೆ ಅವನು ತಾನಾಗಿ ಮನೆಗೆ ಬರಬಲ್ಲನೇ ಎಂದು ವಾಚಕರು ತಮ್ಮ ಮನಸ್ಸಿನಲ್ಲಿಯೇ ಕೇಳಿಕೊಳ್ಳಬಹುದು.

ದೊಡ್ಡವರಿಗೂ ಇದರಲ್ಲಿ ಲಾಭವುಂಟು. ವಾರಕ್ಕೆ ೧೫೦ ನಿಮಿಷವಾದರೂ ಚುರುಕಾಗಿ ನಡೆಯುವಷ್ಟು ದೇಹಶ್ರಮವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯವರು ವಯಸ್ಕರಿಗೆ ಹೇಳಿರುವರು. ಹದಿನೈದು ನಿಮಿಷದ ದಾರಿಯನ್ನು ದಿನಕ್ಕೆ ಎರಡು ಸಲದಂತೆ ಐದು ದಿನ ನಡೆದರೆ ಅದು ಸರಿಯಾಗಿ ಅಷ್ಟೇ ಆಗುತ್ತದೆ. ಲಾಲ್‌ಬಾಗಿನ ಬಾಗಿಲಿನವರೆಗೆ ಕಾರಿನಲ್ಲಿ ಹೋಗಿ, ನಿಲ್ಲಿಸಲು ಸ್ಥಳವನ್ನು ಹುಡುಕಿ, ಒಳಗೆ ಒಂದು ಸುತ್ತು ನಡೆದು, ಮತ್ತೆ ಕಾರಿನಲ್ಲಿ ಮನೆಗೆ ಬಂದು, ಹಾಲು ತರುವುದಕ್ಕೆ ಸ್ಕೂಟರನ್ನು ಹತ್ತುವ ಮಹನೀಯರನ್ನು ನಾವು ಬಲ್ಲೆವು. ಅವರ ಆರೋಗ್ಯಶ್ರದ್ಧೆಗೆ ನಮ್ಮ ಗೌರವವಿದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಇಳಿವಯಸ್ಸಿನಲ್ಲಿಯೂ ಗವಿಪುರದ ತಮ್ಮ ಮನೆಯಿಂದ ಗಾಂಧಿಬಜಾರಿನ ಬಳಿಯ ಕ್ಲಬ್ಬಿಗೆ ನಡೆದೇ ಹೋಗುತ್ತಿದ್ದುದನ್ನು ಬಸವನಗುಡಿಯ ಹಿರಿಯರು ಈಗಲೂ ಹೇಳುತ್ತಾರೆ. ಅವರು ಬಾಳಿದ್ದು ೯೫ ವರ್ಷ.

ಎರಡನೆಯದು ಸೊಸೆಯ ಪ್ರಯಾಣ. ಜಯನಗರದಿಂದ ಮಲ್ಲೇಶ್ವರಕ್ಕೆ ಕಾರಿನಲ್ಲಿ ಹೋಗುವುದೆಂದರೆ ಊರಿನ ಹೊಟ್ಟೆಯನ್ನು ಸೀಳಿಕೊಂಡು ಹೋಗುವುದೆಂದೇ ಅರ್ಥ. ೨೦೨೨ರಲ್ಲಿ ಟಾಮ್‌ಟಾಮ್ ಎಂಬ ಡಚ್ ಸಂಸ್ಥೆಯವರು ಲೋಕದ ಅನೇಕ ನಗರಗಳ ಸಂಚಾರವನ್ನು ಅಳೆದು ಪ್ರಕಟಿಸಿದ ಪಟ್ಟಿಯಲ್ಲಿ, ಬೆಂಗಳೂರಿನ ನಡುಭಾಗದಲ್ಲಿ ಹತ್ತು ಕಿಲೋಮೀಟರನ್ನು ದಾಟಲು ಸರಾಸರಿ ೨೯ ನಿಮಿಷ ೧೦ ಸೆಕೆಂಡು ಬೇಕಾಗಿದ್ದಿತು. ನಿಧಾನದಲ್ಲಿ ಲಂಡನ್ ನಗರವೊಂದು ನಮ್ಮನ್ನು ಮೀರಿಸಿತ್ತು. ಗಂಟೆಗೆ ಸುಮಾರು ೨೦ ಕಿಲೋಮೀಟರು. ಗಂಟೆಗೆ ನೂರೈವತ್ತು ಕಿಲೋಮೀಟರು ಓಡಬಲ್ಲ ಯಂತ್ರವನ್ನು ಲಕ್ಷಾಂತರ ರೂಪಾಯಿ ಕೊಟ್ಟು ತಂದು, ಅದರಿಂದ ಸೈಕಲ್ಲಿಗಿಂತ ಸ್ವಲ್ಪವೇ ಹೆಚ್ಚು ವೇಗವನ್ನು ಪಡೆಯುವುದು! ಈ ಹಾದಿಯಲ್ಲಿ ಮೆಟ್ರೋ ರೈಲು ೨೦೧೭ರ ಜೂನ್ ತಿಂಗಳಿಂದ ನಡೆಯುತ್ತಿದೆ. ಜಯನಗರದ ನಿಲ್ದಾಣದಲ್ಲಿ ಹತ್ತಿದರೆ ಮೆಜೆಸ್ಟಿಕ್ಕನ್ನು ದಾಟಿದ ಮುಂದಿನ ನಿಲ್ದಾಣವೇ ಮಲ್ಲೇಶ್ವರದ ಸಂಪಿಗೆ ರಸ್ತೆ. ಒಟ್ಟು ಏಳು ನಿಲ್ದಾಣ, ಹದಿನೈದಿಪ್ಪತ್ತು ನಿಮಿಷ. ಮನೆಯ ಸಂಪಿಗೆಯನ್ನು ಕಡಿಸದೆಯೇ ಸಂಪಿಗೆ ರಸ್ತೆಯನ್ನು ಸೇರಬಹುದೆಂದು ಪತ್ರ ಬರೆದವರು ತಮ್ಮ ಸೊಸೆಗೆ ಹೇಳಿ ನೋಡಲಿ. ಈ ಶ್ಲೇಷೆ ನಮ್ಮದಲ್ಲ, ರೈಲಿನವರದು.

ಮೂರನೆಯದು ಮಗನ ಪ್ರಯಾಣ. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರು ಸಿಲ್ಕ್ ಬೋರ್ಡಿನ ಕೂಡುರಸ್ತೆಯಲ್ಲಿ ಪಡುವ ಪಾಡನ್ನು ಇಲ್ಲಿ ವರ್ಣಿಸುವ ಅಗತ್ಯವಿಲ್ಲ. ೨೦೨೫ರ ಆಗಸ್ಟ್ ೧೦ರಂದು ರಾಷ್ಟ್ರೀಯ ವಿದ್ಯಾಲಯ ರಸ್ತೆಯ ನಿಲ್ದಾಣದಿಂದ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗವು ತೆರೆಯಿತು. ಸುಮಾರು ೧೯ ಕಿಲೋಮೀಟರು, ೧೬ ನಿಲ್ದಾಣ. ರಾಗಿಗುಡ್ಡದಿಂದ ಸಿಲ್ಕ್ ಬೋರ್ಡಿನವರೆಗೆ ಕೆಳಗೊಂದು ರಸ್ತೆ, ಅದರ ಮೇಲೊಂದು ಸೇತುವೆಯ ರಸ್ತೆ, ಅದಕ್ಕೂ ಮೇಲೆ ರೈಲು, ಹೀಗೆ ಮೂರು ಅಂತಸ್ತು. ಮೇಲಿನ ಅಂತಸ್ತಿನಿಂದ ಕೆಳಗಿನ ಎರಡನ್ನು ನೋಡುತ್ತ ಹೋಗುವ ಸುಖವೇ ಬೇರೆ. ಮೊದಲಲ್ಲಿ ಮೂರೇ ರೈಲುಗಳಿದ್ದು ೨೫ ನಿಮಿಷಕ್ಕೊಂದರಂತೆ ಹೊರಡುತ್ತಿದ್ದುದರಿಂದ ಜನರು ಬಹಳ ಬೇಸರಪಟ್ಟರು. ಅನಂತರ ರೈಲುಗಳು ಹೆಚ್ಚಾದುವು. ಜಯನಗರದವರಿಗೆ ಈ ಮಾರ್ಗವು ಮನೆಯ ಬಾಗಿಲಿನಲ್ಲಿಯೇ ಇದೆಯೆನ್ನಬಹುದು. ಮಗನು ವಾರಕ್ಕೆ ಮೂರು ದಿನವಾದರೂ ರೈಲಿನಲ್ಲಿ ಹೋದರೆ, ಇರುವ ಒಂದು ಕಾರೇ ಆ ಮೂರು ದಿನ ಮನೆಯಲ್ಲಿರುವುದು. ಎರಡನೆಯ ಕಾರಿನ ಪ್ರಶ್ನೆಗೆ ಉತ್ತರ ಮೊದಲನೆಯ ಕಾರಿನಲ್ಲಿಯೇ ಅಡಗಿರುವುದೆಂದು ನಮ್ಮ ಊಹೆ.

ಹಣದ ಲೆಕ್ಕವನ್ನೂ ಹಾಕಿಬಿಡೋಣ; ಗೃಹಸ್ಥರು ಅದನ್ನು ಕೇಳದೆ ಬಿಡರು. ಎಂಟು ಲಕ್ಷ ರೂಪಾಯಿಗೆ ಕೊಂಡ ಕಾರನ್ನು ಹತ್ತು ವರ್ಷ ಇಟ್ಟುಕೊಂಡು ಎರಡು ಲಕ್ಷಕ್ಕೆ ಮಾರಿದರೆಂದು ಇಟ್ಟುಕೊಳ್ಳಿ. ಕಳೆದುಹೋದದ್ದು ಆರು ಲಕ್ಷ. ತಿಂಗಳಿಗೆ ಐದು ಸಾವಿರ. ಇದು ಕಾರು ಅಲುಗಾಡದೆ ನಿಂತಿದ್ದರೂ ತಪ್ಪದ ಖರ್ಚು. ಪೆಟ್ರೋಲು, ವಿಮೆ, ದುರಸ್ತಿ, ಬ್ಯಾಂಕಿನ ಬಡ್ಡಿ ಇದಕ್ಕೆ ಹೊರತು. ಬೆಂಗಳೂರಿನಲ್ಲಿ ೨೦೨೫ರ ಆಗಸ್ಟ್ ೧ರಂದು ಗೊತ್ತಾದ ಆಟೋ ದರವು ಮೊದಲ ಎರಡು ಕಿಲೋಮೀಟರಿಗೆ ೩೬ ರೂಪಾಯಿ, ಆಮೇಲೆ ಕಿಲೋಮೀಟರಿಗೆ ೧೮ ರೂಪಾಯಿ. ಐದು ಕಿಲೋಮೀಟರಿಗೆ ೯೦ ಆಯಿತು. ಐದು ಸಾವಿರದಲ್ಲಿ ಅಂಥ ಪ್ರಯಾಣಗಳು ೫೫ ಆಗುವುವು. "ಮೀಟರಿನ ದರಕ್ಕೆ ಆಟೋ ಎಲ್ಲಿ ಬರುತ್ತದೆ ಸ್ವಾಮಿ?" ಎಂದು ವಾಚಕರು ನಗುತ್ತಿರುವುದು ನಮಗೆ ಕೇಳಿಸುತ್ತಿದೆ. ದರವು ಇಮ್ಮಡಿಯೆಂದೇ ಹಿಡಿಯಿರಿ, ಆಗಲೂ ೨೭. ತಿಂಗಳಿಗೆ ೨೭ ಸಲ ಆಟೋ ಹತ್ತಬೇಕಾದಷ್ಟು ಮಳೆಯೂ ಜ್ವರವೂ ಮದುವೆಯೂ ಯಾವ ಮನೆಯಲ್ಲಿ ಇರುತ್ತವೆ? ಅರುವತ್ತು ದಾಟಿದವರಿಗೆ ನಗರದ ಬಸ್ಸಿನಲ್ಲಿ ಕಾಲುಭಾಗದ ರಿಯಾಯಿತಿಯೂ ಉಂಟು.

ಸೈಕಲ್ಲಿನ ವಿಚಾರವನ್ನು ನಾವು ಕೊಂಚ ಪಕ್ಷಪಾತದಿಂದಲೇ ಬರೆಯುವೆವು, ಏಕೆಂದರೆ ಮೂವತ್ತು ವರ್ಷ ಶಾಲೆಗೆ ಅದರ ಮೇಲೆಯೇ ಹೋಗಿಬಂದೆವು. ಧೋತ್ರದ ಅಂಚು ಸರಪಳಿಗೆ ಸಿಕ್ಕದಂತೆ ಹಾಕುವ ಕಬ್ಬಿಣದ ಕ್ಲಿಪ್ಪು ಇನ್ನೂ ನಮ್ಮ ಪೆಟ್ಟಿಗೆಯಲ್ಲಿದೆ. ನಡೆಯುವವನು ಪಡುವಷ್ಟೇ ಶ್ರಮದಲ್ಲಿ ಸೈಕಲ್ಲಿನವನು ಮೂರು ಪಾಲು ದೂರ ಹೋಗುವನು. ಮನುಷ್ಯನ ಶಕ್ತಿಯನ್ನು ಇಷ್ಟು ಮಿತವಾಗಿ ಬಳಸುವ ವಾಹನ ಮತ್ತೊಂದಿಲ್ಲ. ಅರುವತ್ತೈದು ಕಿಲೋಗ್ರಾಂ ತೂಕದ ಮನುಷ್ಯನೊಬ್ಬನನ್ನು ಸಾಗಿಸಲು ಸಾವಿರ ಕಿಲೋಗ್ರಾಂ ತೂಕದ ಕಾರು ಬೇಕೆನ್ನುವುದು, ಒಂದು ಲೋಟ ನೀರಿಗಾಗಿ ಕೊಳಗವನ್ನು ಹೊತ್ತು ತಂದ ಹಾಗೆ. ಆದರೂ ದೊಡ್ಡ ರಸ್ತೆಗಳಲ್ಲಿ ಮಕ್ಕಳಿಗೆ ಸೈಕಲ್ಲನ್ನು ಕೊಟ್ಟು ಕಳುಹಿಸಿರೆಂದು ಹೇಳುವ ಧೈರ್ಯ ನಮಗಿಲ್ಲ. ಜಯನಗರದ ಕೆಲವು ರಸ್ತೆಗಳಲ್ಲಿ ೨೦೧೨ರಲ್ಲಿ ಸೈಕಲ್ಲಿಗೆಂದೇ ಪಥವನ್ನು ಗುರುತುಮಾಡಿದರು. ಅದರಲ್ಲಿ ಕಾರುಗಳು ನಿಂತುವು. ೨೦೨೦ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಮತ್ತೊಂದು ಪಥವನ್ನು ಮಾಡಿದರು. ಅದೂ ಸೈಕಲ್ಲಿಗೆ ಉಳಿಯಲಿಲ್ಲ. ಬಣ್ಣದ ಗೆರೆಯನ್ನು ಕಾರಿನ ಚಕ್ರವು ಮನ್ನಿಸದು. ಅದುದರಿಂದ ನಾವು ಬಡಾವಣೆಯ ಒಳರಸ್ತೆಗಳಲ್ಲಿ, ಬೆಳಗಿನ ಹೊತ್ತು, ತರಕಾರಿಗೂ ಅಂಚೆಕಚೇರಿಗೂ ಸೈಕಲ್ಲಿನಲ್ಲಿ ಹೋಗುವೆವು. ದೊಡ್ಡ ರಸ್ತೆ ಬಂದರೆ ಇಳಿದು ತಳ್ಳಿಕೊಂಡು ದಾಟುವೆವು. ನೋಡಿದವರು ನಕ್ಕರೆ ನಗಲಿ.

ಬಸ್ಸು ರೈಲುಗಳಲ್ಲಿ ದೋಷವಿಲ್ಲವೆಂದು ನಾವು ಹೇಳುವವರಲ್ಲ. ಬೆಂಗಳೂರಿನ ಬಸ್ಸುಗಳು ಹಳೆಯವು. ೧೯೪೦ರಲ್ಲಿ ಒಂದು ಖಾಸಗಿ ಕಂಪನಿಯಿಂದ ಮೊದಲಾಗಿ, ೧೯೫೬ರಲ್ಲಿ ಸರ್ಕಾರದ ಕೈಗೆ ಬಂದು, ೧೯೯೭ರಿಂದ ಈಗಿನ ಮಹಾನಗರ ಸಾರಿಗೆ ಸಂಸ್ಥೆಯ ವಶದಲ್ಲಿವೆ. ಆರು ಸಾವಿರಕ್ಕೆ ಮೇಲ್ಪಟ್ಟ ಬಸ್ಸುಗಳಿದ್ದರೂ ಇಷ್ಟು ದೊಡ್ಡ ಊರಿಗೆ ಅವು ಸಾಲವು. ಬೆಳಗ್ಗೆ ಒಂಬತ್ತು ಗಂಟೆಯ ಬಸ್ಸಿನಲ್ಲಿ ಒಂಟಿಕಾಲಿನ ಮೇಲೆ ನಿಂತು ತಪಸ್ಸು ಮಾಡಬೇಕಾಗುವುದು. ನಿಲ್ದಾಣದಲ್ಲಿ ಕುಳಿತುಕೊಳ್ಳಲು ಹಾಕಿದ ಕಬ್ಬಿಣದ ಕೊಳವೆಯ ಮೇಲೆ ಕುಳಿತುಕೊಳ್ಳಬಲ್ಲ ಶರೀರವನ್ನು ಬ್ರಹ್ಮನು ಇನ್ನೂ ಸೃಷ್ಟಿಸಿಲ್ಲ. ಮೆಟ್ರೋದ ದರವನ್ನು ೨೦೨೫ರ ಫೆಬ್ರವರಿಯಲ್ಲಿ ಏರಿಸಿ, ಅತ್ಯಧಿಕವು ೬೦ರಿಂದ ೯೦ ರೂಪಾಯಿಗೆ ಹೋದಾಗ ಕೆಲವರು ರೈಲನ್ನು ಬಿಟ್ಟು ಮತ್ತೆ ಸ್ಕೂಟರುಗಳಿಗೆ ಮರಳಿದರು. ಅದು ಅವಿವೇಕದ ಕೆಲಸವೆಂದೇ ನಮ್ಮ ಮತ. ರೈಲಿನಿಂದ ಇಳಿದ ಮೇಲೆ ಮನೆಗೆ ಹೋಗುವ ಕಡೆಯ ಒಂದು ಕಿಲೋಮೀಟರಿನಲ್ಲಿ ದೀಪವಿಲ್ಲದಿದ್ದರೆ ಹೆಂಗಸರು ರೈಲನ್ನು ಹತ್ತುವುದೇ ಇಲ್ಲ. ಇವೆಲ್ಲವೂ ನಿಜ. ಆದರೆ ಕಾರಿನವರೆಲ್ಲರೂ ಕಾರಿನಲ್ಲಿಯೇ ಇದ್ದುಬಿಟ್ಟರೆ ಬಸ್ಸಿನ ದೋಷವನ್ನು ಕೇಳುವವರು ಯಾರು? ಬಸ್ಸಿಗೆ ಕಾಯುವ ಮನೆಗೆಲಸದ ಹೆಂಗಸಿನ ಮಾತನ್ನು ಅಧಿಕಾರಿಗಳು ಎಷ್ಟು ಕೇಳುವರೆಂಬುದು ಲೋಕವಿದಿತ. ಅಧ್ಯಾಪಕರು, ವಕೀಲರು, ಇಂಜಿನಿಯರುಗಳು ಅದೇ ನಿಲ್ದಾಣದಲ್ಲಿ ಹತ್ತು ದಿನ ಮಳೆಯಲ್ಲಿ ನೆನೆದರೆ ಹನ್ನೊಂದನೆಯ ದಿನ ಸೂರು ಬಂದೀತು.

ಕಾರೇ ಕೂಡದೆಂಬ ವ್ರತವನ್ನು ನಾವು ಯಾರಿಗೂ ಉಪದೇಶಿಸೆವು. ರೋಗಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವಾಗ, ಅಪರಾತ್ರಿಯಲ್ಲಿ, ಕೈಕೂಸಿನೊಡನೆ, ನಡೆಯಲಾರದ ತಂದೆತಾಯಿಗಳೊಡನೆ, ಕಾರಿಗೆ ಸಮಾನವಾದುದು ಮತ್ತೊಂದಿಲ್ಲ. ಅಂಗವಿಕಲರಾದವರಿಗೆ ಈಗಿನ ನಮ್ಮ ರಸ್ತೆಗಳಲ್ಲಿ ಬೇರೆ ಗತಿಯೇ ಇಲ್ಲ. ಅಂಥವರಿಗಾಗಿಯಾದರೂ ಮಿಕ್ಕವರು ರಸ್ತೆಯನ್ನು ತೆರವುಮಾಡಬೇಕಲ್ಲವೆ? ಒಂದು ಬಸ್ಸು ಹಿಡಿಯುವ ಜಾಗದಲ್ಲಿ ಎರಡೋ ಮೂರೋ ಕಾರು ನಿಲ್ಲಬಹುದು. ಬಸ್ಸಿನಲ್ಲಿ ಕುಳಿತವರೇ ನಲವತ್ತು ಮಂದಿ, ಆ ಕಾರುಗಳಲ್ಲಿ ಸಾಮಾನ್ಯವಾಗಿ ತಲೆಗೊಬ್ಬನಂತೆ ಮೂವರು. ೨೦೦೬ರಲ್ಲಿ ಭಾರತ ಸರ್ಕಾರದವರು ಪ್ರಕಟಿಸಿದ ನಗರ ಸಾರಿಗೆಯ ರಾಷ್ಟ್ರೀಯ ನೀತಿಯಲ್ಲಿ, ಸಾಗಬೇಕಾದವರು ಜನರು, ವಾಹನಗಳಲ್ಲ, ಎಂಬ ಅಭಿಪ್ರಾಯವನ್ನು ಸ್ಪಷ್ಟವಾಗಿಯೇ ಬರೆದಿರುವರು. ಬರೆದು ಬಹುಕಾಲವಾಯಿತು.

ನಡೆಯಿರೆಂದು ಹೇಳುವವರು ಅಪಾಯದ ಮಾತನ್ನು ಮುಚ್ಚಿಡಬಾರದು. ೨೦೨೨ನೆಯ ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ವಾಹನಗಳಿಗೆ ಸಿಕ್ಕಿ ಸತ್ತ ಪಾದಚಾರಿಗಳು ೩೨,೮೨೫ ಮಂದಿ. ಕೇಂದ್ರ ಸರ್ಕಾರದ ವರದಿಯಲ್ಲಿಯೇ ಈ ಸಂಖ್ಯೆಯಿದೆ. ಇದನ್ನು ಓದಿದ ತಾಯಿ ಮಗುವನ್ನು ಕಾರಿನಲ್ಲಿ ಕೂರಿಸದೆ ಇನ್ನೇನು ಮಾಡಿಯಾಳು? ಆದರೆ ಶಾಲೆಯ ಮುಂದೆ ನಿಂತು ನೋಡಿ. ಒಬ್ಬೊಬ್ಬ ತಾಯಿಯೂ ತನ್ನ ಮಗುವನ್ನು ಮಿಕ್ಕ ತಾಯಂದಿರ ಕಾರುಗಳಿಂದ ಕಾಪಾಡುವುದಕ್ಕಾಗಿಯೇ ಕಾರನ್ನು ತಂದಿರುವಳು. ಬೀದಿಯ ಹತ್ತು ಮಕ್ಕಳು ಒಟ್ಟಾಗಿ, ಇಬ್ಬರು ಹಿರಿಯರ ಕಾವಲಿನಲ್ಲಿ ನಡೆದರೆ, ಕಾರಿನವನು ಹೆದರಿ ನಿಲ್ಲುವನು. ಒಂಟಿ ಮಗುವಿಗೆ ನಿಲ್ಲನು. ನಮ್ಮ ಮೊಮ್ಮಗಳ ಜೊತೆಗೆ ಈಗ ಆರು ಮಕ್ಕಳು ಸೇರಿರುವರು. ನಾವೂ ಬ್ಯಾಂಕಿನಿಂದ ನಿವೃತ್ತರಾದ ನೆರೆಯವರೊಬ್ಬರೂ ಸರದಿಯ ಮೇಲೆ ಕೊಡೆಯನ್ನು ಅಡ್ಡ ಹಿಡಿದು ರಸ್ತೆ ದಾಟಿಸುವೆವು. ಕೊಡೆಯ ಉಪಯೋಗಗಳಲ್ಲಿ ಮಳೆಯನ್ನು ತಡೆಯುವುದು ಎರಡನೆಯದೆಂದು ನಮಗೆ ಈಗ ತಿಳಿದಿದೆ.

ದಾರಿಯಲ್ಲಿ ಯಾರು ಯಾರಿಗೆ ಎಡೆ ಬಿಡಬೇಕೆಂಬ ನಿಯಮ ನಮ್ಮ ಹಳೆಯ ಗ್ರಂಥಗಳಲ್ಲಿಯೂ ಉಂಟು. ಮನುಸ್ಮೃತಿಯಲ್ಲಿ ಒಪ್ಪತಕ್ಕದ್ದೂ ಒಪ್ಪಲಾಗದ್ದೂ ಬೆರೆತಿರುವುವು; ಅದರ ಎರಡನೆಯ ಅಧ್ಯಾಯದಲ್ಲಿ ದಾರಿ ಬಿಟ್ಟುಕೊಡಬೇಕಾದವರನ್ನು ಎಣಿಸುವಾಗ ಗಾಡಿಯವನು, ತೊಂಬತ್ತು ದಾಟಿದ ಮುದುಕನು, ರೋಗಿ, ಹೊರೆ ಹೊತ್ತವನು, ಹೆಂಗಸು ಎಂದು ಹೇಳಿ, ಆಮೇಲೆ ಸ್ನಾತಕನನ್ನೂ ರಾಜನನ್ನೂ ಮದುವಣಿಗನನ್ನೂ ಹೇಳಿದೆ. ಗಾಡಿಯವನು ಮೊದಲು ಬಂದದ್ದು ಎತ್ತು ಕುದುರೆಗಳನ್ನು ಥಟ್ಟನೆ ಪಕ್ಕಕ್ಕೆ ತಿರುಗಿಸುವುದು ಕಷ್ಟವೆಂಬ ಕಾರಣದಿಂದಿರಬೇಕು. ನಮ್ಮ ಕಾಲದವರು ಪಟ್ಟಿಯ ಮೊದಲ ಹೆಸರನ್ನು ಓದಿ ಪುಸ್ತಕವನ್ನು ಮುಚ್ಚಿಬಿಟ್ಟಿರುವರು. ಇಂದಿನ ಧರ್ಮಶಾಸ್ತ್ರವೆನ್ನಬಹುದಾದ ಸರ್ವೋಚ್ಚ ನ್ಯಾಯಾಲಯವು ೨೦೨೫ರ ಮೇ ತಿಂಗಳಲ್ಲಿ, ಕಾಲುದಾರಿಯನ್ನು ಬಳಸುವ ಪಾದಚಾರಿಯ ಹಕ್ಕು ಸಂವಿಧಾನದ ೨೧ನೆಯ ಅನುಚ್ಛೇದವು ಕೊಡುವ ಜೀವಿಸುವ ಹಕ್ಕಿನಲ್ಲಿಯೇ ಸೇರಿದೆಯೆಂದು ಹೇಳಿ, ಅಂಗವಿಕಲರೂ ನಡೆಯಬಲ್ಲ ಕಾಲುದಾರಿಗಳಿಗಾಗಿ ನಿಯಮಗಳನ್ನು ಮಾಡಿರೆಂದು ರಾಜ್ಯಗಳಿಗೆ ಆಜ್ಞಾಪಿಸಿತು. ಭಾರತೀಯ ರಸ್ತೆ ಕಾಂಗ್ರೆಸ್ಸಿನವರು ೨೦೧೨ರಲ್ಲಿ ಅಳತೆಯನ್ನೂ ಗೊತ್ತುಮಾಡಿರುವರು: ಕಾಲುದಾರಿಯಲ್ಲಿ ಅಡ್ಡಿಯಿಲ್ಲದ ಅಗಲ ೧.೮ ಮೀಟರು, ಎಂದರೆ ಸುಮಾರು ಆರು ಅಡಿ. ರಸ್ತೆಯಿಂದ ಎತ್ತರ ೧೫೦ ಮಿಲಿಮೀಟರನ್ನು, ಎಂದರೆ ಅರ್ಧ ಅಡಿಯನ್ನು, ಮೀರಕೂಡದು.

ಈ ಅಳತೆಯನ್ನು ತಿಳಿದ ಮೇಲೆ ನಮಗೆ ಸುಮ್ಮನಿರಲಾಗಲಿಲ್ಲ. ದರ್ಜಿಯ ಟೇಪನ್ನು ಕೈಯಲ್ಲಿ ಹಿಡಿದು, ಮೊಮ್ಮಗಳ ಕೈಗೆ ನೋಟುಪುಸ್ತಕವನ್ನು ಕೊಟ್ಟು, ನಮ್ಮ ಬೀದಿಯ ಒಂದು ಪಕ್ಕವನ್ನು ಈ ಕೊನೆಯಿಂದ ಆ ಕೊನೆಯವರೆಗೆ ಅಳೆದೆವು. ಮನೆಗಳು ಇಪ್ಪತ್ತೆರಡು. ಆರು ಅಡಿ ತೆರವಾದ ಕಾಲುದಾರಿ ದೊರೆತದ್ದು ಐದು ಮನೆಗಳ ಮುಂದೆ. ವಿದ್ಯುತ್ತಿನವರ ಪೆಟ್ಟಿಗೆ ಒಂದು ಕಡೆ, ಎತ್ತಿಟ್ಟ ಚರಂಡಿಯ ಕಲ್ಲು ಎರಡು ಕಡೆ. ಇವು ಸರ್ಕಾರದ ಲೆಕ್ಕಕ್ಕೆ ಸೇರತಕ್ಕವು. ಮಿಕ್ಕ ಹದಿನಾಲ್ಕೂ ನಮ್ಮಂಥ ಗೃಹಸ್ಥರವೇ: ಕಾರು ಒಳಗೆ ಹತ್ತುವುದಕ್ಕೆಂದು ಗೇಟಿನಿಂದ ರಸ್ತೆಯವರೆಗೆ ಹಾಕಿಸಿದ ಸಿಮೆಂಟಿನ ಇಳಿಜಾರು ಒಂಬತ್ತು, ಕಾಲುದಾರಿಯ ಮೇಲೆಯೇ ನಿಲ್ಲಿಸಿದ ಕಾರು ಮೂರು, ಹೂವಿನ ಕುಂಡಗಳ ಸಾಲು ಎರಡು. ಲೆಕ್ಕವನ್ನು ಮೊಮ್ಮಗಳು ದುಂಡಾದ ಅಕ್ಷರದಲ್ಲಿ ಬರೆದು ಕೂಡಿದಳು. ಸರ್ಕಾರಕ್ಕೆ ಸೇರಿದ ಮೂರನ್ನು ಕುರಿತು ಪಾಲಿಕೆಯ ಕಚೇರಿಗೆ ಅರ್ಜಿಯನ್ನು ಕೊಟ್ಟು ರಸೀದಿಯನ್ನು ಪಡೆದಿದ್ದೇವೆ. ಹದಿನಾಲ್ಕು ಮನೆಗಳಿಗೆ ನಾವೇ ಹೋಗಿ, ಕಾಫಿಯನ್ನು ಕುಡಿದು, ವಿಷಯವನ್ನು ಹೇಳಿದೆವು. ಕುಂಡಗಳನ್ನು ಇಟ್ಟಿದ್ದ ಇಬ್ಬರೂ ಅಂದೇ ಸಂಜೆ ಒಳಗೆ ತೆಗೆಸಿದರು. ಕಾರಿನವರಲ್ಲಿ ಒಬ್ಬರು ಬೇರೆ ಸ್ಥಳವನ್ನು ನೋಡಿಕೊಂಡರು. ಇಬ್ಬರು ಇನ್ನೂ ಯೋಚಿಸುತ್ತಿರುವರು. ಇಳಿಜಾರಿನ ಒಂಬತ್ತು ಮಂದಿಯಲ್ಲಿ ಒಬ್ಬರು ಮಾತ್ರ, ದೀಪಾವಳಿ ಕಳೆಯಲಿ, ಮೇಸ್ತ್ರಿಯನ್ನು ಕರೆಸಿ ಗೇಟಿನೊಳಕ್ಕೆ ತೆಗೆದುಕೊಳ್ಳುವೆನೆಂದು ಹೇಳಿರುವರು.